ಏಕಾದಶಿ ಲೆಕ್ಕದ ಪ್ರೋಗ್ರಾಂ ಬರೆಯುವಾಗ ಕಂಡಿದ್ದು

ಶಿರಸಿಯ ಸೂರ್ಯೋದಯಕ್ಕೆ ಯಾವ ತಿಥಿ ಅಂತ ಹೇಳುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ತರ್ಕ, ಗಣಿತ ಎಲ್ಲ ಅವರವರ ನಂಬಿಕೆಯಂತೆ ಅನ್ನುವವರಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ.

ಚಂದ್ರನ ಸ್ಥಾನದಿಂದ ಸೂರ್ಯನದ್ದು ಕಳೆಯಬೇಕು. ಅಂತರ 12 ಡಿಗ್ರಿ ಬೆಳೆದಾಗಲೆಲ್ಲ ಒಂದು ತಿಥಿ. 120 ಮುಟ್ಟಿದಲ್ಲಿಂದ 132ರ ತನಕ ಶುಕ್ಲ ಏಕಾದಶಿ. ಈ ಕಳೆಯುವ ಲೆಕ್ಕ ಯಾರು ಮಾಡಿದರೂ ಒಂದೇ.

ಆದರೆ ಉಪವಾಸ ಯಾವತ್ತು? ಇಲ್ಲೇ ಸೋಂದಾದಲ್ಲಿ ಸ್ಮಾರ್ತರ ಸ್ವರ್ಣವಲ್ಲಿ ಮಠವೂ ಇದೆ, ಮಾಧ್ವರ ವಾದಿರಾಜ ಮಠವೂ ಇದೆ. ಸ್ಮಾರ್ತರು ಸೂರ್ಯೋದಯಕ್ಕೆ ದಶಮಿ ಉಳಿದಿದೆಯಾ ಅಂತ ನೋಡುತ್ತಾರೆ. ಮಾಧ್ವರಿಗೆ ಅದಕ್ಕಿಂತ 4 ಘಳಿಗೆ, ಅಂದರೆ 96 ನಿಮಿಷ ಮೊದಲೇ, ಅರುಣೋದಯಕ್ಕೇ ದಶಮಿ ಇರಬಾರದು. ಈ ನಡುವೆ ದಶಮಿ ಮುಗಿದರೆ ಒಬ್ಬರಿಗೆ ಇವತ್ತು, ಇನ್ನೊಬ್ಬರಿಗೆ ನಾಳೆ. ಕೋಡ್‌ನಲ್ಲಿ ಬದಲಾಗುವುದು ಯಾವ ಹೊತ್ತಿಗೆ ನೋಡಬೇಕು ಅನ್ನುವ ಸಾಲು ಮಾತ್ರ.

ಅಯನಾಂಶದ ಜಗಳ ಇನ್ನೂ ಚಂದ. ಸೂರ್ಯ, ಚಂದ್ರರ ಸ್ಥಾನವನ್ನು ನಕ್ಷತ್ರಗಳಿಗೆ ಹೊಂದಿಸಲು ಅದರಿಂದ ಕಳೆಯುವ ಕೋನವೇ ಅಯನಾಂಶ. ಅದು ಎಷ್ಟು ಅನ್ನುವುದಕ್ಕೆ ಲಾಹಿರಿಯವರ ಲೆಕ್ಕ ಸರಿಯೋ, ರಾಮನ್ ಅವರದ್ದು ಸರಿಯೋ? ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಎರಡನ್ನೂ ಹಾಕಿ ನೋಡಿದೆ. ನಕ್ಷತ್ರ ಬದಲಾಗುವ ಹೊತ್ತು ಎರಡೂವರೆ ತಾಸಿನಷ್ಟು ಸರಿಯಿತು. ತಿಥಿ ಮಾತ್ರ ಒಂಚೂರೂ ಅಲುಗಲಿಲ್ಲ! ಸೂರ್ಯನಿಂದಲೂ ಚಂದ್ರನಿಂದಲೂ ಅಷ್ಟೇ ಕಳೆಯುತ್ತೇವಲ್ಲ, ಅಂತರ ಹಾಗೇ ಉಳಿಯುತ್ತದೆ. ಯಾವ ನಂಬಿಕೆ ಉತ್ತರವನ್ನು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಅಂತ ಲೆಕ್ಕವೇ ತೋರಿಸಿಕೊಡುತ್ತದೆ. ನನಗೆ ಇದು ತುಂಬಾ ದೊಡ್ಡ ವಿಷಯ.

ಜಾಸ್ತಿ ಕಾಡಿದ್ದು ಇನ್ನೊಂದು. ಸೂರ್ಯೋದಯಕ್ಕೆ ಅಂತರ 119.999999 ಅಂತ 9ಗಳೇ ಬರುತ್ತಾ ಹೋದರೆ? ಎಷ್ಟು ಅಂಕಿ ಲೆಕ್ಕ ಹಾಕಿದರೂ 120 ಮುಟ್ಟಿತೋ ಇಲ್ಲವೋ ಹೇಳಲಾಗದು. ಎರಡರಲ್ಲೊಂದು ನಿಜ ಇರಲೇಬೇಕು ಅನ್ನುತ್ತದೆ ಸಾಮಾನ್ಯ ತರ್ಕ. ಡಚ್ ಗಣಿತಜ್ಞ ಬ್ರೌವರ್ 1908ರಲ್ಲಿ ಈ ನಿಯಮವನ್ನೇ ಪ್ರಶ್ನಿಸಿದರು. ಯಾವುದು ಅಂತ ತೋರಿಸಲಾಗದಿದ್ದರೆ ‘ಎರಡರಲ್ಲೊಂದು’ ಅನ್ನುವುದಕ್ಕೆ ಆಧಾರವೇನು? ಅವರ ಶಿಷ್ಯ ಹೈಟಿಂಗ್ 1930ರಲ್ಲಿ ಆ ತರ್ಕಕ್ಕೂ ಖಚಿತ ನಿಯಮಗಳನ್ನು ಬರೆದರು. ಆ ನಿಯಮಗಳನ್ನು ಒಪ್ಪದವರೂ ಅವುಗಳಿಂದ ಮಾಡಿದ ರುಜುವಾತಿನ ಒಂದೊಂದು ಹೆಜ್ಜೆ ಪರೀಕ್ಷಿಸಬಹುದು. ಹೆಜ್ಜೆ ಸರಿಯೋ ತಪ್ಪೋ ಅನ್ನುವಲ್ಲಿ ಜಗಳವಿಲ್ಲ. ಯಾವ ನಿಯಮದಿಂದ ಹೊರಡಬೇಕು ಅನ್ನುವಲ್ಲೇ ಜಗಳ.

ಈ ವಿಷಯದಲ್ಲಿ ನಾನು ಬ್ರೌವರ್ ಕಡೆ. ಹಾಗಾಗಿ ಅಂಥ ದಿನ ಬಂದರೆ ನನ್ನ ಪ್ರೋಗ್ರಾಂ ದಶಮಿ ಅಂತಲೂ ಹೇಳುವುದಿಲ್ಲ, ಏಕಾದಶಿ ಅಂತಲೂ ಹೇಳುವುದಿಲ್ಲ. ಗಡಿಗೆ ಎಷ್ಟು ಹತ್ತಿರ ಅಂತ ತೋರಿಸಿ, ತೀರ್ಮಾನವನ್ನು ಪಂಚಾಂಗ ನೋಡುವ ಭಟ್ಟರಿಗೆ ಬಿಡುತ್ತದೆ.