ಸೈಕ್ಲೋಸ್ಟೈಲ್ ಕವಿತೆ ಪತ್ರಿಕೆ ಕೈಗೆ ಸಿಕ್ಕರೆ ಏನು ಮಾಡಬೇಕು

ಕಳೆದ ವರ್ಷ ಗೆಳೆಯರೊಬ್ಬರು 1960ರ ದಶಕದ ಒಂದು ಸೈಕ್ಲೋಸ್ಟೈಲ್ ಪತ್ರಿಕೆ ತಂದು ತೋರಿಸಿದರು. ಅದಕ್ಕೆ ಗಟ್ಟಿ ರಟ್ಟಿನ ಬೈಂಡ್ ಹಾಕಿಸಿದ್ದರು. ಬೈಂಡ್ ಮಾಡಿದವರು ರೂಢಿಯಂತೆ ಮೂರು ಕಡೆಯೂ ಅಂಚು ಕತ್ತರಿಸಿದ್ದರು. ಟೈಪ್ ಮಾಡಿದ ಸಾಲುಗಳು ಹಾಳೆಯ ತುದಿಯ ತನಕ ಹೋಗಿದ್ದವು. ಈಗ ಎಷ್ಟೋ ಸಾಲುಗಳ ಕೊನೆಯ ಒಂದೆರಡು ಅಕ್ಷರ ಇಲ್ಲ. ಪ್ರೀತಿಯಿಂದಲೇ ಮಾಡಿಸಿದ್ದರು. ಇಂಥ ಪತ್ರಿಕೆಗಳು ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೈಕ್ಲೋಸ್ಟೈಲ್ ಅಂದರೆ ಐವತ್ತು ದಾಟಿದವರಿಗೆ ಗೊತ್ತು. ಶಾಲೆಯ ಪ್ರಶ್ನೆಪತ್ರಿಕೆ, ಕಚೇರಿಯ ಸುತ್ತೋಲೆ, ಯೂನಿಯನ್ನಿನ ಕರಪತ್ರ ಎಲ್ಲ ಅದರಲ್ಲೇ ಬರುತ್ತಿದ್ದವು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಬೇಕು. ಅಕ್ಷರ ಬಿದ್ದ ಕಡೆ ಮೇಣ ಸರಿಯುತ್ತದೆ. ಆ ಹಾಳೆಯನ್ನು ಗೆಸ್ಟೆಟ್ನರ್ ಮಷೀನಿನ ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ ಮಸಿ ಸಂದಿಯಿಂದ ಇಳಿದು ಕಾಗದಕ್ಕೆ ಹತ್ತುತ್ತದೆ. ಪ್ರೆಸ್ ಬೇಡ, ಅಚ್ಚಿನ ಮೊಳೆ ಜೋಡಿಸುವವರು ಬೇಡ, ಪ್ರಕಾಶಕರೂ ಬೇಡ.

ದುಡ್ಡಿಲ್ಲದ ಕವಿಗಳಿಗೆ ಇಷ್ಟು ಸಾಕಿತ್ತು. 1954ರಲ್ಲಿ ಮುಂಬಯಿಯಲ್ಲಿ ದಿಲೀಪ್ ಚಿತ್ರೆ, ಅರುಣ್ ಕೊಲಟ್ಕರ್ ಮತ್ತು ಗೆಳೆಯರು ಮರಾಠಿಯ ‘ಶಬ್ದ’ವನ್ನು ಹೀಗೇ ತಂದರು. 1962ರಲ್ಲಿ ನ್ಯೂಯಾರ್ಕಿನಲ್ಲಿ ಕವಿ ಎಡ್ ಸ್ಯಾಂಡರ್ಸ್ ಇದೇ ರೀತಿ ತಮ್ಮ ಪತ್ರಿಕೆ ಶುರು ಮಾಡಿದರು. ಅದರ ಸುದ್ದಿ ಅಲಹಾಬಾದಿನ ತನಕ ಬಂತು. 1965ರಲ್ಲಿ, ಇನ್ನೂ ಹದಿಹರೆಯದ ಕವಿ ಅರವಿಂದ ಕೃಷ್ಣ ಮೆಹ್ರೋತ್ರಾ ಅಲ್ಲಿ ಗೆಳೆಯರ ಜೊತೆ ಸೇರಿ ‘ಡ್ಯಾಮ್ ಯೂ’ ಎಂಬ ಇಂಗ್ಲಿಷ್ ಪತ್ರಿಕೆ ತಂದರು. ನಮ್ಮ ಅಡಿಗರ ‘ಸಾಕ್ಷಿ’, ಧಾರವಾಡದ ‘ಸಂಕ್ರಮಣ’ ಮೊಳೆ ಅಚ್ಚಿನವು. ಅವುಗಳ ಕಥೆ ಬೇರೆ. ಆದರೆ ಕಾಪಾಡುವ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಹುಡುಕಾಟ. ಮುಂಬಯಿ ಫೋರ್ಟ್‌ನ ಫುಟ್‌ಪಾತ್, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್, ನಮ್ಮ ಅವೆನ್ಯೂ ರಸ್ತೆ, ಊರಿನ ಹಳೇ ಪೇಪರ್ ಅಂಗಡಿ ಎಲ್ಲವನ್ನೂ ನೋಡುತ್ತಿರಿ. ನಿವೃತ್ತ ಇಂಗ್ಲಿಷ್ ಮೇಷ್ಟ್ರ ಮನೆಯ ಅಟ್ಟ ಇವೆಲ್ಲಕ್ಕಿಂತ ಒಳ್ಳೆಯದು. ಕೊಳ್ಳುವ ಮೊದಲು ಬೇರೆಯವರ ಬಳಿ ನಾಲ್ಕಾರು ಅಸಲಿ ಪ್ರತಿ ಮುಟ್ಟಿ ನೋಡಿ. ಕೋಲ್ಕತ್ತಕ್ಕೆ ಹೋದರೆ ಸಂದೀಪ್ ದತ್ತ 1978ರಲ್ಲಿ ಇಂಥ ಸಣ್ಣ ಸಾಹಿತ್ಯ ಪತ್ರಿಕೆಗಳಿಗೆಂದೇ ಶುರು ಮಾಡಿದ ಲಿಟಲ್ ಮ್ಯಾಗಜೀನ್ ಲೈಬ್ರರಿಯನ್ನು ತಪ್ಪಿಸಬೇಡಿ.

ಎರಡನೆಯದು ಗುರುತು ಹಿಡಿಯುವುದು. ಮೊಳೆ ಅಚ್ಚಾದರೆ ಪುಟದ ಹಿಂದೆ ಬೆರಳಾಡಿಸಿದಾಗ ಅಕ್ಷರದ ಉಬ್ಬು ಕೈಗೆ ಹತ್ತುತ್ತದೆ. ಸೈಕ್ಲೋಸ್ಟೈಲ್‌ನಲ್ಲಿ ಉಬ್ಬು ಇರುವುದಿಲ್ಲ. ಕಾಗದ ದೊರಗು, ಮಸಿ ಒಳಗೆ ಇಂಗಿರುತ್ತದೆ. ಎಣ್ಣೆಯ ತೆಳು ಕಲೆ ಹಿಂಬದಿಗೂ ಹಾಯ್ದಿರಬಹುದು. ಇಂಗ್ಲಿಷಿನ ‘ಒ’ ಅಕ್ಷರ ನೋಡಿ. ಟೈಪ್ ಜೋರಾಗಿ ಬಿದ್ದರೆ ಸ್ಟೆನ್ಸಿಲ್‌ನ ನಡುವಿನ ಬಿಲ್ಲೆ ಉದುರಿ, ಆ ಅಕ್ಷರ ತುಂಬಿದ ಕಪ್ಪು ಚುಕ್ಕೆಯಾಗಿರುತ್ತದೆ. ಜೆರಾಕ್ಸ್‌ನಲ್ಲಿ ಕಪ್ಪು ಪುಡಿ ಕಾಗದದ ಮೇಲೆ ಕೂತು ಹೊಳೆಯುತ್ತದೆ. ಒಮ್ಮೆ ನನಗೆ ಜೆರಾಕ್ಸ್ ಪ್ರತಿಯನ್ನೇ ಅಸಲಿ ಎಂದು ಮಾರಲು ಬಂದಿದ್ದರು. ಬೆಳಕಿಗೆ ಓರೆಯಾಗಿ ಹಿಡಿದ ಕೂಡಲೇ ಗೊತ್ತಾಯಿತು. ಪುಟಗಳು ಹಿಂದೆಮುಂದೆ ಆಗಿದ್ದರೆ ಬೇಜಾರು ಬೇಡ. ಕೈಯಲ್ಲೇ ಜೋಡಿಸುತ್ತಿದ್ದರು, ಅಂಥ ತಪ್ಪು ಸಾಮಾನ್ಯ. ಅದನ್ನು ಸರಿ ಮಾಡಲು ಹೋಗಬೇಡಿ.

ಈಗ ಎಲ್ಲರೂ ಎಡವುವ ಜಾಗ: ತುಕ್ಕು ಹಿಡಿದ ಪಿನ್.

ಹೆಚ್ಚಿನ ಪ್ರತಿಗಳಿಗೆ ಎಡ ಅಂಚಿನಲ್ಲಿ ಎರಡೋ ಮೂರೋ ಸ್ಟೇಪ್ಲರ್ ಪಿನ್ ಹೊಡೆದಿರುತ್ತಾರೆ. ತುಕ್ಕು ಇಲ್ಲದಿದ್ದರೆ ಮುಟ್ಟಲೇಬೇಡಿ. ತುಕ್ಕು ಕಾಗದಕ್ಕೆ ಹರಡುತ್ತಿದ್ದರೆ ಮಾತ್ರ ತೆಗೆಯಿರಿ. ಮಳೆಗಾಲದಲ್ಲಿ ಬೇಡ, ಒಣ ಹವೆಯ ದಿನ ಕೂತುಕೊಳ್ಳಿ. ಪಿನ್ ಕೀಳುವ ಹಲ್ಲಿನ ಕ್ಲಿಪ್ ಇದೆಯಲ್ಲ, ಅದನ್ನು ಆ ಕೋಣೆಯಿಂದಲೇ ಆಚೆ ಇಡಿ. ಅದು ಪಿನ್ನಿನ ಜೊತೆ ಕಾಗದವನ್ನೂ ಕಿತ್ತು ತರುತ್ತದೆ.

ಪತ್ರಿಕೆಯನ್ನು ಬೋರಲು ಹಾಕಿ. ಪಿನ್ನಿನ ಮಡಚಿದ ಎರಡು ಕಾಲು ಕಾಣುತ್ತವೆ. ಸಡಿಲ ತುಕ್ಕನ್ನು ಒಣ ಮೆತ್ತನೆ ಬ್ರಷ್ಷಿನಿಂದ ಗುಡಿಸಿ. ನೀರು, ಎಣ್ಣೆ ಯಾವುದೂ ಬೇಡ. ಹಳೇ ಓಎಚ್‌ಪಿ ಶೀಟಿನಿಂದ (ಪ್ರೊಜೆಕ್ಟರಿಗೆ ಬಳಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಬೆರಳಗಲದ ಪಟ್ಟಿ ಕತ್ತರಿಸಿ, ಕಾಲಿನ ಅಡಿಗೆ ಮೆಲ್ಲಗೆ ತೂರಿಸಿ. ಇನ್ನು ಕಾಗದಕ್ಕೆ ಲೋಹ ತಗಲುವುದಿಲ್ಲ. ಆ ಪಟ್ಟಿಯ ಮೇಲೆ ಚಿತ್ರಕಾರರು ಬಳಸುವ ತೆಳು ಪ್ಯಾಲೆಟ್ ನೈಫ್ ಇಟ್ಟು ಕಾಲನ್ನು ಕೂದಲೆಳೆಯಷ್ಟು ಎತ್ತಿ, ನಿಲ್ಲಿಸಿ, ಮತ್ತೆ ಎತ್ತಿ. ಕಾಲು ನೇರ ನಿಲ್ಲಬೇಕು. ಎರಡನೆಯದಕ್ಕೂ ಹೀಗೇ. ಕಾಲು ಮುರಿದು ಬಂದರೆ ಗಾಬರಿ ಬೇಡ, ಕೆಲಸ ಸುಲಭವೇ ಆಯಿತು. ಪತ್ರಿಕೆ ತಿರುಗಿಸಿ, ಪಿನ್ನಿನ ಬೆನ್ನಿನ ಅಡಿಗೂ ಪಟ್ಟಿ ತೂರಿಸಿ, ಎರಡೂ ತುದಿಯನ್ನು ಸಮನಾಗಿ ಎತ್ತಿ. ಒಂದೇ ಕಡೆ ಎತ್ತಿದರೆ ತೂತು ಹರಿಯುತ್ತದೆ. ಒಂದು ಪಿನ್ನಿಗೆ ಹತ್ತು ನಿಮಿಷ ಹಿಡಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ.

ಹೊಸ ಪಿನ್ ಹೊಡೆಯಬೇಡಿ. ಹಾಳೆಗಳನ್ನು ಇದ್ದ ಕ್ರಮದಲ್ಲೇ ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ, ಕಾಗದದಲ್ಲಿ ಮಡಚಿಡಿ. ಕಟ್ಟಲೇಬೇಕು ಅನಿಸಿದರೆ ಹಳೇ ತೂತುಗಳಲ್ಲೇ ಹತ್ತಿ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ.

ಹರಿದ ಕಡೆ ಸೆಲೋಟೇಪ್ ಮಾತ್ರ ಬೇಡವೇ ಬೇಡ. ಕೆಲವು ವರ್ಷದಲ್ಲಿ ಟೇಪ್ ಉದುರುತ್ತದೆ, ಅಂಟು ಹಳದಿ ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಒಮ್ಮೆ ಮಾಡಿಸಿದರೆ ಬಿಡಿಸುವಂತಿಲ್ಲ. ಜಪಾನೀ ಟಿಶ್ಯೂ ಎಂಬ ತೆಳು, ಗಟ್ಟಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಸಿಕ್ಕರೆ ಸರಿ. ಇಲ್ಲದಿದ್ದರೆ ಹರಿದದ್ದು ಹರಿದಂತೇ ಇರಲಿ.

ಇಡುವ ವಿಷಯಕ್ಕೆ ಬಂದರೆ, ಮೊದಲು ಹಾಳೆಯ ಅಳತೆ ನೋಡಿ. ಸೈಕ್ಲೋಸ್ಟೈಲ್ ಹಾಳೆ ಹೆಚ್ಚಾಗಿ ಫುಲ್‌ಸ್ಕೇಪ್, 13 ಇಂಚಿನ ಆಸುಪಾಸು ಉದ್ದ. ಎ4 ಹಾಳೆ 12 ಇಂಚು ಸಹ ಇರುವುದಿಲ್ಲ, ಅದಕ್ಕೆ ಮಾಡಿದ ಫೈಲೂ ಚಿಕ್ಕದು. ಅದರಲ್ಲಿಟ್ಟರೆ ಕೆಳಗಿನ ಅಂಚು ಮಡಚಿ, ಒಂದು ದಿನ ಅಲ್ಲೇ ಮುರಿಯುತ್ತದೆ. ಲೀಗಲ್ ಸೈಜಿನ ಪೆಟ್ಟಿಗೆ ತಂದು ಮಲಗಿಸಿಡಿ. ಅಗ್ಗದ, ವಾಸನೆ ಬರುವ ಪಿವಿಸಿ ಕವರ್ ಬೇಡ, ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಪ್ಲಾಸ್ಟಿಕ್ ಕವರ್ ದುಬಾರಿ, ಆದರೆ ಅದೇ ಸರಿ. ನುಸಿಗುಳಿಗೆ ಹಾಕುವ ಬದಲು ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ನೋಡುವುದು ಒಳ್ಳೆಯದು.

ಎಲ್ಲಿ ಸಿಕ್ಕಿತು, ಯಾರಿಂದ ಬಂತು, ಎಷ್ಟು ಹಾಳೆ ಇದೆ ಎಂಬುದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ, ಪತ್ರಿಕೆಯ ಮೇಲೆ ಬೇಡ. ಪುಟಗಳ ನಡುವೆ ಚಂದಾ ರಸೀದಿಯೋ, ವಿಳಾಸ ಬರೆದ ಲಕೋಟೆಯೋ, ಬಸ್ ಟಿಕೆಟ್ಟೋ ಸಿಕ್ಕರೆ ಎಸೆಯಬೇಡಿ. ಯಾವ ಪುಟದಲ್ಲಿತ್ತು ಎಂದು ಚೀಟಿಯಲ್ಲಿ ಗುರುತು ಹಾಕಿ, ಅದನ್ನೂ ಪುಟ್ಟ ಕವರಿಗೆ ಹಾಕಿ ಅದೇ ಪೆಟ್ಟಿಗೆಯಲ್ಲಿಡಿ.