ಗೋಡೆ ಮೇಲಿನ ಧ್ಯೇಯವಾಕ್ಯವನ್ನು ಅಂಕಿಗೆ ಇಳಿಸುವುದು ಹೇಗೆ?

ಬಹಳಷ್ಟು ಕಂಪನಿಗಳಲ್ಲಿ ಬಾಗಿಲು ದಾಟುತ್ತಿದ್ದಂತೆ ಗೋಡೆ ಮೇಲೆ ಒಂದು ಧ್ಯೇಯವಾಕ್ಯ ಕಾಣುತ್ತದೆ. 'ಜನರ ಬದುಕು ಹಸನು ಮಾಡುತ್ತೇವೆ' ಅನ್ನುವ ಥರದ್ದು. ತಿಂಗಳ ಮೀಟಿಂಗ್‌ನಲ್ಲಿ ಕೂತರೆ ಅಲ್ಲಿ ಬರೀ ಮಾರಾಟ, ಖರ್ಚು, ಲಾಭದ ಮಾತು. ಗೋಡೆ ಮೇಲಿನದು ಒಮ್ಮೆಯೂ ಬರುವುದಿಲ್ಲ. ಬರೆದವರು ಮನಸಾರೆಯೇ ಬರೆದಿರುತ್ತಾರೆ. ಆದರೆ ಅದನ್ನು ಎಣಿಸುವ ದಾರಿ ಯಾರೂ ಹುಡುಕಿರುವುದಿಲ್ಲ. ಆ ದಾರಿ ಖಂಡಿತ ಇದೆ.

ಮೊದಲು ಆ ವಾಕ್ಯವನ್ನು ಹಾಳೆಯ ಮೇಲೆ ಬರೆದು, ಕೆಳಗೆ ಎರಡು ಪ್ರಶ್ನೆ ಹಾಕಿ. ಯಾರ ಬದುಕು ಬದಲಾಗಬೇಕು? ಬದಲಾಗಿದೆ ಅಂತ ನಮಗೆ ಗೊತ್ತಾಗುವುದು ಹೇಗೆ? 'ಎಲ್ಲರ ಬದುಕು' ಅಂತ ಉತ್ತರ ಬಂದರೆ ಇನ್ನೊಮ್ಮೆ ಕೂತು ಯೋಚಿಸಿ. ಎಲ್ಲರನ್ನೂ ಎಣಿಸಲು ಆಗುವುದಿಲ್ಲ.

ಕೊನೆಯ ಫಲವನ್ನು ಎಣಿಸಿ

ಜಾಸ್ತಿ ಕಂಪನಿಗಳು ಎಡವುವುದು ಇಲ್ಲೇ. ಹಿಯರಿಂಗ್ ಏಡ್ ತಯಾರಿಸುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಕಿವಿ ಮಂದವಾದವರು ಮನೆಮಂದಿಯ ಮಾತುಕತೆಗೆ ಮತ್ತೆ ಸೇರಿಕೊಳ್ಳಬೇಕು ಅನ್ನುವುದು ಅದರ ಆಸೆ. ಕಂಪನಿಯವರು ಎಷ್ಟು ಏಡ್ ಮಾರಿದೆವು, ಎಷ್ಟು ಶಿಬಿರ ನಡೆಸಿದೆವು ಅಂತ ಲೆಕ್ಕ ಇಡುತ್ತಾರೆ. ಇವೆಲ್ಲ ಕಂಪನಿ ಪಟ್ಟ ಶ್ರಮದ ಲೆಕ್ಕ. ಮಾರಿದ ಏಡ್ ಡಬ್ಬಿಯಲ್ಲೇ ಮಲಗಿದ್ದರೆ ಯಾರಿಗೆ ಏನು ಕೇಳಿಸಿತು?

ಹಾಗಾಗಿ ಎಣಿಸಬೇಕಾದ್ದು, ಕೊಂಡ 100 ಜನರಲ್ಲಿ ಆರು ತಿಂಗಳ ಮೇಲೂ ಎಷ್ಟು ಮಂದಿ ದಿನಾ ಅದನ್ನು ಹಾಕಿಕೊಳ್ಳುತ್ತಿದ್ದಾರೆ ಅನ್ನುವುದನ್ನು. ಈಗಿನ ಎಷ್ಟೋ ಏಡ್‌ಗಳು ದಿನಕ್ಕೆ ಎಷ್ಟು ಗಂಟೆ ಬಳಕೆಯಾದವು ಅಂತ ತಾವೇ ದಾಖಲಿಸುತ್ತವೆ. ಇಲ್ಲಿ ಒಂದು ಎಚ್ಚರ ಬೇಕು, ಸರಾಸರಿಯನ್ನು ನಂಬಬೇಡಿ. ಒಬ್ಬರು 14 ಗಂಟೆ ಹಾಕಿಕೊಂಡು, ಇನ್ನೊಬ್ಬರು ಮುಟ್ಟದೇ ಇದ್ದರೂ ಸರಾಸರಿ 7 ಗಂಟೆ ಬರುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅರ್ಧದಷ್ಟು ಜನ ಕೈಬಿಟ್ಟದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಗಂಟೆಗಿಂತ ತಲೆ ಎಣಿಸುವುದೇ ಒಳ್ಳೆಯದು.

ಅಂಕಿಯ ಜೊತೆಗೆ ವಾರಕ್ಕೆ ಹತ್ತು ಫೋನ್ ಕರೆ ಮಾಡಿ. ಸುಮ್ನೆ ಸಮೀಕ್ಷೆಯ ಹಾಳೆ ಓದಬೇಡಿ. 'ಅಮ್ಮಾ, ಈಗ ಹಾಕ್ಕೊಂಡಿದ್ದೀರಾ?' ಅಂತ ನೇರವಾಗಿ ಕೇಳಿ. 'ಇಲ್ಲಪ್ಪ, ಕುಯ್ಯೋ ಅಂತ ಸದ್ದು ಮಾಡುತ್ತೆ, ತೆಗೆದಿಟ್ಟಿದ್ದೀನಿ' ಅಂತ ಉತ್ತರ ಬರಬಹುದು. ಕಿವಿಯೊಳಗಿನ ತುದಿ ಸರಿಯಾಗಿ ಕೂರದಿದ್ದರೆ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗುತ್ತದೆ, ಆಗ ಹೀಗೆ ಕೂಗುತ್ತದೆ. ಅಂದರೆ ಈ ಕಂಪನಿ ಮೊದಲು ಹಣ ಹಾಕಬೇಕಾದ್ದು ಜಾಹೀರಾತಿಗೋ, ಅಳತೆ ನೋಡಿ ತುದಿ ಕೂರಿಸುವವರ ತರಬೇತಿಗೋ? ಮಾರಾಟದ ಪಟ್ಟಿ ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ.

ಮುಂದಿನದು ಚಿಕ್ಕ ಕೆಲಸ, ಆದರೆ ಬಿಡಬೇಡಿ. ಗುರಿ ಘೋಷಿಸುವ ಮೊದಲೇ ಇವತ್ತಿನ ಅಂಕಿ ಬರೆದಿಡಿ. ಎಂದಿನೊಳಗೆ ಎಷ್ಟಕ್ಕೆ ತರುತ್ತೀರಿ, ಯಾರು ಹೊಣೆ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. 'ಎಲ್ಲರೂ ಹೊಣೆ' ಅಂದರೆ ಯಾರೂ ಹೊಣೆಯಲ್ಲ, ಅಲ್ವಾ?

ಸುದ್ದಿ ಬೇಗ ಮೇಲಕ್ಕೆ ಹೋಗಲಿ

ಅಮೆರಿಕದ ಅಲ್ಯುಮಿನಿಯಂ ಕಂಪನಿ ಅಲ್ಕೋವಾದ ಕಥೆ ನನಗೆ ತುಂಬಾ ಇಷ್ಟ. 1987ರಲ್ಲಿ ಪಾಲ್ ಓ'ನೀಲ್ ಅದರ ಮುಖ್ಯಸ್ಥರಾದರು. ಹೂಡಿಕೆದಾರರ ಸಭೆಯಲ್ಲಿ ಲಾಭದ ಬದಲು ಕಾರ್ಮಿಕರ ಸುರಕ್ಷತೆಯ ಮಾತೆತ್ತಿದರು. ಒಬ್ಬರಿಗೂ ಪೆಟ್ಟಾಗಬಾರದು, ಅದೇ ಗುರಿ ಅಂದರು. ಕೇಳಿದವರು ಗಾಬರಿಯಾದರು. ಶೇರು ಮಾರಿಬಿಡಿ ಅಂತ ತಮ್ಮ ಗಿರಾಕಿಗಳಿಗೆ ಸಲಹೆ ಕೊಟ್ಟವರೂ ಇದ್ದರು.

ಓ'ನೀಲ್ ಒಂದು ನಿಯಮ ತಂದರು. ಯಾರಿಗಾದರೂ ಪೆಟ್ಟಾದರೆ 24 ಗಂಟೆಯೊಳಗೆ ಆ ವಿಭಾಗದ ಮುಖ್ಯಸ್ಥರು ತನಗೆ ತಿಳಿಸಬೇಕು. ಮತ್ತೆ ಹಾಗಾಗದಂತೆ ಏನು ಮಾಡುತ್ತೀರಿ ಅನ್ನುವುದೂ ಜೊತೆಗೇ ಬರಬೇಕು. ಇದು ಆಗಬೇಕಾದರೆ ಕುಲುಮೆ ಪಕ್ಕದ ಮೇಸ್ತ್ರಿಯ ಮಾತು ಅದೇ ದಿನ ಮೇಲಿನವರೆಗೆ ಹೋಗಬೇಕಲ್ಲ! ಆ ದಾರಿ ತೆರೆದ ಮೇಲೆ ಅದರಲ್ಲಿ ಬೇರೆ ವಿಷಯಗಳೂ ಹರಿದವು. ಕೆಟ್ಟ ಯಂತ್ರ, ಸುಧಾರಣೆಯ ಸಲಹೆ, ಪೋಲಾಗುತ್ತಿದ್ದ ಸರಕು. ಪೆಟ್ಟಾಗಿ ಕೆಲಸ ತಪ್ಪಿದ ದಿನಗಳ ದರ 100 ಕಾರ್ಮಿಕರಿಗೆ 1.86 ಇದ್ದದ್ದು, 2000ದಲ್ಲಿ ಅವರು ಹೊರಡುವ ಹೊತ್ತಿಗೆ 0.2ಕ್ಕೆ ಇಳಿದಿತ್ತು. ವರ್ಷದ ನಿವ್ವಳ ಲಾಭ ಅವರು ಬರುವ ಮೊದಲು ಇದ್ದದ್ದಕ್ಕಿಂತ ಐದು ಪಟ್ಟಾಗಿತ್ತು.

ನಿಮ್ಮಲ್ಲೂ ಹೀಗೇ ಮಾಡಿ. ಮೂರು ತಿಂಗಳಿಗೊಮ್ಮೆ ಬರುವ ಚೆಂದದ ವರದಿಗಿಂತ, ಇವತ್ತು ತಪ್ಪಿದ್ದು ನಾಳೆಯೊಳಗೆ ತಿಳಿಯುವ ಏರ್ಪಾಟು ಮೇಲು. ಒಂದು ಮಾತು ನೆನಪಿರಲಿ, ಸುದ್ದಿ ತಂದವರನ್ನು ಬೈಯಬಾರದು. ಒಮ್ಮೆ ಬೈದರೆ ಸಾಕು, ಮುಂದಿನ ಸಲ ಸುದ್ದಿಯೇ ಬರುವುದಿಲ್ಲ. ಅಂಕಿ ಮಾತ್ರ ಬಲು ಚೆನ್ನಾಗಿ ಕಾಣುತ್ತದೆ.

ಅಂಕಿಗೊಂದು ಕಾವಲು

ಅಂಕಿಗೆ ಕೆಲಸ, ಸಂಬಳ ಕಟ್ಟಿಹಾಕಿದ ಕೂಡಲೇ ಜನ ಅದನ್ನು ಬಗ್ಗಿಸಲು ಶುರು ಮಾಡುತ್ತಾರೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಈ ಅಪಾಯ ಗುರುತಿಸಿದ್ದರು. ಗ್ರಾಹಕರ ಹಣಕಾಸು ಸುಧಾರಿಸಲು ನೆರವಾಗುತ್ತೇವೆ ಅಂತ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಹೇಳಿಕೊಂಡಿತ್ತು. ಆದರೆ ಎಣಿಸಿದ್ದು, ಒಬ್ಬ ಗ್ರಾಹಕನಿಗೆ ಎಷ್ಟು ಖಾತೆ, ಕಾರ್ಡು ಮಾರಿದೆವು ಅನ್ನುವುದನ್ನು. ಟಾರ್ಗೆಟ್ ಎಂಟು. ಒತ್ತಡ ತಾಳದೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದಂತೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಇದಕ್ಕಾಗಿ ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಇದನ್ನು ಓದಿದಾಗ ಕೌಂಟರಿನಲ್ಲಿ ಕೂತಿದ್ದವರನ್ನು ನೆನೆದು ಬೇಜಾರಾಗುತ್ತದೆ.

ಆದ್ದರಿಂದ ಮುಖ್ಯ ಅಂಕಿಗೆ ಎದುರು ನಿಲ್ಲುವ ಇನ್ನೊಂದು ಅಂಕಿ ಇಡಿ. ಹಿಯರಿಂಗ್ ಏಡ್ ಬಳಸುವವರು ಜಾಸ್ತಿಯಾದರೆ, ಹಿಂದಿರುಗಿಸಿದವರು ಎಷ್ಟು, ದೂರು ಕೊಟ್ಟವರು ಎಷ್ಟು ಅಂತಲೂ ನೋಡಿ. ಕಷ್ಟದ ಗಿರಾಕಿಗಳನ್ನು ಯಾರಾದರೂ ಬಾಗಿಲಲ್ಲೇ ಸಾಗಹಾಕುತ್ತಿದ್ದಾರಾ ಅಂತ ವಿಚಾರಿಸಿ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ತೋರಿಸಿ. ಶುರುವಿನ ಒಂದು ವರ್ಷ ಈ ಅಂಕಿಗೆ ಬೋನಸ್ ಕಟ್ಟದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲು ಎಣಿಕೆ ಸರಿಯಿದೆಯಾ ನೋಡಿಕೊಳ್ಳಿ.

ಆಮೇಲೆ ಮೀಟಿಂಗ್‌ನ ಕ್ರಮ ಬದಲಿಸಿ. ಮಾರಾಟದ ಲೆಕ್ಕಕ್ಕಿಂತ ಮೊದಲು ಈ ಹಾಳೆ ಮೇಜಿನ ಮೇಲೆ ಬರಲಿ. ಅದನ್ನು ನೋಡಿ ಆ ದಿನ ಏನಾದರೂ ಒಂದು ತೀರ್ಮಾನ ಆಗಲಿ. ಫೋನ್ ಕರೆಗಳನ್ನು ಮಾತ್ರ ನಿಲ್ಲಿಸಬೇಡಿ. ಹಾಳೆಯಲ್ಲಿ ಅಂಕಿ ಏರುತ್ತಿದ್ದು, ಫೋನಿನಲ್ಲಿ 'ತೆಗೆದಿಟ್ಟಿದ್ದೀನಿ' ಅನ್ನುವ ಉತ್ತರವೇ ಬರುತ್ತಿದ್ದರೆ, ಫೋನಿನ ಮಾತನ್ನು ನಂಬಿ, ಎಣಿಸುವ ಬಗೆಯನ್ನು ಬದಲಿಸಿ.