‘ಲೇಬರ್ ಆಫ್ ಲವ್’ ಬಗ್ಗೆ ಜಗಳಕ್ಕೆ ಇಳಿಯೋ ಮುಂಚೆ ಹೀಗೆ ಕೇಳಿ ನೋಡಿ

ಜಮೈಕಾದಲ್ಲಿ ಹುಟ್ಟಿದ ರೆಗ್ಗೆ ಸಂಗೀತ ನುಡಿಸೋ ಬ್ರಿಟನ್‌ನ ಯುಬಿ40 ತಂಡದ ಈ 1983ರ ಆಲ್ಬಂ ಬಗ್ಗೆ ಮಾತು ಬಂದರೆ ಸಾಕು, ಕೇಳುಗರು ಎರಡು ಗುಂಪಾಗುತ್ತಾರೆ. ‘ನನಗೆ ರೆಗ್ಗೆ ಹುಚ್ಚು ಹತ್ತಿದ್ದೇ ಇದರಿಂದ’ ಅನ್ನೋರು ಒಂದು ಕಡೆ. ‘ಇದು ನೀರು ಬೆರೆಸಿದ ರೆಗ್ಗೆ’ ಅಂತ ಮೂಗು ಮುರಿಯೋರು ಇನ್ನೊಂದು ಕಡೆ. ತಮಾಷೆ ಅಂದ್ರೆ ಇಬ್ಬರಲ್ಲೂ ಜಾಸ್ತಿ ಜನ ಇದರಲ್ಲಿನ ‘ರೆಡ್ ರೆಡ್ ವೈನ್’ ಹಾಡೊಂದನ್ನೇ ಕೇಳಿ ತೀರ್ಪು ಕೊಟ್ಟಿರುತ್ತಾರೆ. ಹಾಗಾಗಿ ಮೊದಲು ಆ ಹಾಡನ್ನು ಪಕ್ಕಕ್ಕಿಡಿ.

ಆಲ್ಬಂನಲ್ಲಿರೋ ಹತ್ತೂ ಹಾಡು ಬೇರೆಯವರದ್ದು. ಬರ್ಮಿಂಗ್‌ಹ್ಯಾಮ್‌ನ ಈ ಹುಡುಗರು ಚಿಕ್ಕಂದಿನಿಂದ ಇಷ್ಟಪಟ್ಟು ಕೇಳಿದ ರೆಗ್ಗೆ ಹಾಡುಗಳು. ಆದ್ದರಿಂದ ಮೂಲವನ್ನು ಮೊದಲು ಕೇಳಿ, ತಕ್ಷಣವೇ ಇವರದ್ದನ್ನು ಹಾಕಿ. ‘ಚೆರಿ ಓ ಬೇಬಿ’ಯಿಂದ ಶುರು ಮಾಡಿ. 1971ರಲ್ಲಿ ಎರಿಕ್ ಡೊನಾಲ್ಡ್‌ಸನ್ ಜಮೈಕಾದ ಫೆಸ್ಟಿವಲ್ ಹಾಡಿನ ಸ್ಪರ್ಧೆ ಗೆದ್ದಿದ್ದು ಇದರಿಂದಲೇ. ಅವರ ದನಿ ತೆಳ್ಳಗೆ, ಮೇಲಕ್ಕೆ ಏರುತ್ತದೆ, ಒಂಥರಾ ಅಂಗಲಾಚಿದ ಹಾಗೆ. ಯುಬಿ40ರ ಗಾಯಕ ಅಲಿ ಕ್ಯಾಂಪ್‌ಬೆಲ್ ಅದೇ ಸಾಲುಗಳನ್ನು ನಯವಾಗಿ, ಸ್ವಲ್ಪ ಮೂಗಿನಲ್ಲಿ ಹಾಡಿ ಮುಗಿಸುತ್ತಾರೆ. ‘ನೀರು ಬೆರೆಸಿದ್ದು’ ಅನ್ನೋ ದೂರು ಹುಟ್ಟೋದು ಇಲ್ಲೇ.

ಈಗ ಇನ್ನೊಂದು ಸಲ ಹಾಕಿ, ಹೆಡ್‌ಫೋನ್‌ನಲ್ಲಿ, ಗಾಯಕನ ಕಡೆ ಗಮನ ಕೊಡದೆ. ಬೇಸ್ ಗಿಟಾರ್‌ನ ದಪ್ಪ ದನಿಯ ಬೆನ್ನು ಹತ್ತಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಗಿಟಾರ್, ಕೀಬೋರ್ಡ್‌ನ ‘ಚಕ್’ ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ, ಅಲ್ವಾ? ಅದೇ ಸ್ಕ್ಯಾಂಕ್. ರೆಗ್ಗೆಯ ಜೀವ ಇರೋದು ಅದರಲ್ಲಿ ಮತ್ತು ಅದರ ಕೆಳಗೆ ಓಡಾಡೋ ಬೇಸ್‌ನಲ್ಲಿ. ಮೇಲೆ ಎಷ್ಟೇ ಸಿಂಥ್‌ನ (ಎಲೆಕ್ಟ್ರಾನಿಕ್ ಕೀಬೋರ್ಡ್) ಹೊಳಪು ಇರಲಿ, ಇದು ಸಡಿಲವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಫೋನ್ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳೋದೇ ಇಲ್ಲ, ಹಾಗೆ ಕೇಳಿದವರ ವಿಮರ್ಶೆಯನ್ನು ಸುಮ್ನೆ ಬಿಟ್ಟುಬಿಡಿ.

ಮುಂದೆ ‘ಜಾನಿ ಟೂ ಬ್ಯಾಡ್’, ‘ಮೆನಿ ರಿವರ್ಸ್ ಟು ಕ್ರಾಸ್’. ಎರಡರ ಮೂಲವೂ ‘ದಿ ಹಾರ್ಡರ್ ದೇ ಕಮ್’ ಸಿನಿಮಾದ ಹಾಡುಗಳ ಆಲ್ಬಂನಲ್ಲಿ ಸಿಗುತ್ತವೆ, ಹುಡುಕೋ ಕಷ್ಟ ತಪ್ಪಿತು. ಎರಡನೆಯದರಲ್ಲಿ ಮಾತ್ರ ನಾನು ಮೂಗು ಮುರಿಯೋರ ಪರ. ಮೂಲ ಗಾಯಕ ಜಿಮ್ಮಿ ಕ್ಲಿಫ್ ಅದನ್ನು ಆರ್ಗನ್ ಜೊತೆ ಚರ್ಚ್ ಹಾಡಿನ ಹಾಗೆ, ಗಂಟಲು ಬಿರಿಯುವಂತೆ ಹಾಡಿದ್ದಾರೆ. ಯುಬಿ40 ಅದಕ್ಕೆ ರೆಗ್ಗೆ ತಾಳ ಕಟ್ಟಿದ ಮೇಲೆ ಆ ನೋವು ಉಳಿಯೋದು ಕಷ್ಟ.

ಈಗ ‘ರೆಡ್ ರೆಡ್ ವೈನ್’ ಹಾಕಬಹುದು. ಬರೆದದ್ದು ಅಮೆರಿಕದ ಗಾಯಕ ನೀಲ್ ಡೈಮಂಡ್. ಆದರೆ ತಂಡಕ್ಕೆ ಗೊತ್ತಿದ್ದದ್ದು ಟೋನಿ ಟ್ರೈಬ್ 1969ರಲ್ಲಿ ಹಾಡಿದ ರೆಗ್ಗೆ ರೂಪ. ರೆಕಾರ್ಡ್ ಮೇಲಿದ್ದ ‘ಎನ್. ಡೈಮಂಡ್’ ಯಾರೋ ಜಮೈಕಾದವರು ಅಂತಲೇ ಅಂದುಕೊಂಡಿದ್ದರಂತೆ! ಒಂದು ಎಚ್ಚರಿಕೆ: ಬ್ರಿಟನ್‌ನಲ್ಲಿ 1983ರಲ್ಲಿ ಮೊದಲ ಸ್ಥಾನಕ್ಕೆ ಹೋದ ಸಿಂಗಲ್‌ನಲ್ಲಿ (ಒಂದೇ ಹಾಡಿನ ಬಿಡಿ ರೆಕಾರ್ಡ್) ತಂಡದ ಆಸ್ಟ್ರೋ ಅವರ ಟೋಸ್ಟಿಂಗ್, ಅಂದ್ರೆ ತಾಳದ ಮೇಲೆ ಮಾತು ಹರಿಸೋ ಭಾಗ, ಇರಲಿಲ್ಲ. ಆಲ್ಬಂನಲ್ಲಿದೆ. 1988ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದಾಗ ರೇಡಿಯೋದವರು ಹಾಕಿದ್ದೂ ಈ ಉದ್ದದ ರೂಪವನ್ನೇ. ‘ಆ ಮಾತಿನ ಭಾಗವೇ ಚೆಂದ’ ಅಂತ ಒಬ್ಬರು, ‘ಯಾವ ಭಾಗ?’ ಅಂತ ಇನ್ನೊಬ್ಬರು ಕೇಳುತ್ತಿದ್ದರೆ ಇಬ್ಬರೂ ಕೇಳಿದ್ದು ಬೇರೆ ಬೇರೆ ರೆಕಾರ್ಡಿಂಗ್. ನೀವು ಈ ಹಾಡಿನ ಬಗ್ಗೆ ಬರೆಯುವಾಗ ಯಾವುದು ಅಂತ ಹೇಳಿಬಿಡಿ.

‘ಇವರು ದುಡ್ಡಿಗಾಗಿ ಬದಲಾದರು’ ಅನ್ನೋ ವಾದಕ್ಕೆ ತೂಕ ಇದೆಯಾ ಅಂತ ನೋಡಬೇಕಾದರೆ 1980ರ ‘ಸೈನಿಂಗ್ ಆಫ್’ ಕೇಳಲೇಬೇಕು. ತಂಡದ ಹೆಸರೇ ನಿರುದ್ಯೋಗ ಭತ್ಯೆಯ ಫಾರ್ಮಿನದು, ಆ ಆಲ್ಬಂನ ಹೊದಿಕೆಯೂ ಅದೇ ಫಾರ್ಮು. ಅದರ ಸಿಟ್ಟು ‘ಲೇಬರ್ ಆಫ್ ಲವ್’ನಲ್ಲಿ ಇಲ್ಲ, ನಿಜ. ಇದಕ್ಕೆ 1989ರಲ್ಲಿ ಎರಡನೇ ಭಾಗ, 1998ರಲ್ಲಿ ಮೂರನೆಯದು ಬಂತು. ಮೊದಲನೆಯದರ ಬಗ್ಗೆ ಅಭಿಪ್ರಾಯ ಗಟ್ಟಿಯಾಗೋವರೆಗೆ ಅವುಗಳ ತಂಟೆಗೆ ಹೋಗಬೇಡಿ.